ಹೊಗೆಗೆ ತಕ್ಕ ಕಟ್ಟಿಗೆ

ನಮ್ಮ ತರ್ಕಶಾಸ್ತ್ರದ ಮೊದಲ ಪಾಠ ಹೊಗೆಯಿಂದಲೇ ಆರಂಭವಾಗುತ್ತದೆ. ದೂರದ ಬೆಟ್ಟದ ಮೇಲೆ ಹೊಗೆ ಕಾಣಿಸುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿದೆ. ಅಡಿಗೆಮನೆಯಲ್ಲಿ ಹಾಗೆ ಕಂಡಿದ್ದೇವಲ್ಲ! ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆಲ್ಲ ಈ ಉದಾಹರಣೆ ಬಾಯಿಪಾಠ. ಆದರೆ ಇದನ್ನೇ ತಿರುಗಿಸಿ, ‘ಬೆಂಕಿಯಿದೆ, ಆದುದರಿಂದ ಹೊಗೆಯೂ ಇರಬೇಕು’ ಎಂದರೆ ತಾರ್ಕಿಕರು ಒಪ್ಪುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಸೇರಬೇಕು. ಈ ಹಸಿ ಸೌದೆಯ ಸಂಬಂಧವನ್ನೇ ಅವರು ‘ಉಪಾಧಿ’ ಎಂದು ಕರೆದರು.

ಪಂಡಿತರು ಚರ್ಚೆಯನ್ನು ಅಲ್ಲಿಗೆ ನಿಲ್ಲಿಸಿದರು. ಒಲೆಯ ಮುಂದೆ ಕುಳಿತವರಿಗೆ ನಿಜವಾದ ಪ್ರಶ್ನೆ ಹುಟ್ಟುವುದು ಅಲ್ಲಿಂದ ಮುಂದೆ. ಹೊಗೆ ಬರುವುದು ಸೌದೆಯಿಂದ ಎಂದಾದರೆ, ಯಾವ ಸೌದೆ? ಎಲ್ಲ ಹೊಗೆಯೂ ಒಂದೇ ಅಲ್ಲ. ಒಂದು ಹೊಗೆ ಮೀನಿಗೆ ಪರಿಮಳ ಕೊಟ್ಟರೆ ಇನ್ನೊಂದು ಅದನ್ನು ಕಹಿ ಮಾಡುತ್ತದೆ. ಒಂದು ಹೊಗೆ ಬೀಜವನ್ನು ಹುಳುವಿನಿಂದ ಕಾಯುತ್ತದೆ, ಇನ್ನೊಂದು ಮನೆಯವರ ಎದೆಯನ್ನೇ ಹುಳುವಿನಂತೆ ತಿನ್ನುತ್ತದೆ. ಬೆಂಕಿಗೆ ಆಯ್ಕೆಯಿಲ್ಲ, ಕೊಟ್ಟದ್ದನ್ನು ಸುಡುವುದಷ್ಟೇ ಅದರ ಕೆಲಸ. ಆಯ್ಕೆ ಇರುವುದು ಕಟ್ಟಿಗೆ ಇಡುವ ಕೈಗೆ. ಆಯ್ಕೆ ಎಲ್ಲಿದೆಯೋ ಅಲ್ಲಿ ಧರ್ಮಾಧರ್ಮದ ವಿಚಾರವೂ ಇರುತ್ತದೆ. ಆದುದರಿಂದ ಆಹಾರಕ್ಕೆ ಹೊಗೆ ಕೊಡಲು ತಕ್ಕ ಕಟ್ಟಿಗೆ ಯಾವುದು ಎಂಬ ಪ್ರಶ್ನೆಯನ್ನು ಅಡಿಗೆಯವರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವಂತಿಲ್ಲ.

ಮಾಂಸದ ಮಾತು ಬಂತೆಂದು ಸಸ್ಯಾಹಾರಿ ಬಂಧುಗಳು ಪುಟ ಮಗುಚಬೇಕಾಗಿಲ್ಲ. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ತೂಗುಹಾಕಿ ಒಣಗಿಸಿದ ಹಂದಿಮಾಂಸ, ನಾಗಾಲ್ಯಾಂಡಿನಲ್ಲಿ ಹಾಗೆಯೇ ವಾರಗಟ್ಟಲೆ ಹೊಗೆಯಲ್ಲಿಟ್ಟ ಮಾಂಸ, ಮಿನಿಕಾಯ್ ದ್ವೀಪದಲ್ಲಿ ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿದ ಕಟ್ಟಿಗೆಯಷ್ಟೇ ಗಟ್ಟಿಯಾದ ಮೀನು—ಇವು ಒಂದು ಕಡೆಗಿರಲಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಒಲೆಯ ನೇರ ಮೇಲಿನ ಅಟ್ಟದಲ್ಲಿ ಏನೇನು ಇರುತ್ತಿತ್ತೆಂಬುದನ್ನು ನೆನೆಯಿರಿ: ಬಿತ್ತನೆಯ ಬೀಜ, ಒಣಗಬೇಕಾದ ಹುಳಿ, ಮಳೆಗಾಲಕ್ಕೆಂದು ಕೂಡಿಟ್ಟ ಸಾಮಾನು. ಪುಲಾವಿಗೆ ಹಾಕುವ ದೊಡ್ಡ ಕಪ್ಪು ಏಲಕ್ಕಿಯನ್ನು ಮೂಸಿ ನೋಡಿ. ಸಿಕ್ಕಿಮ್ಮಿನ ಭಟ್ಟಿಗಳಲ್ಲಿ ಕಟ್ಟಿಗೆಯ ಬೆಂಕಿಯ ಮೇಲೆ ಅದನ್ನು ಒಣಗಿಸಿದ ಹೊಗೆಯೇ ಅದರ ವಾಸನೆಯಲ್ಲಿ ಅರ್ಧ ಪಾಲು. ಬಂಗಾಳದ ಬಂಡೇಲ್ ಎಂಬ ಗಿಣ್ಣಿಗೆ ಹೊಗೆ ಕೊಡುವ ಪದ್ಧತಿಯಿದೆ. ಕೆನ್ಯಾ ದೇಶದ ಕಲೆಂಜಿನ್ ಜನರು ಹಾಲನ್ನು ಹುಳಿಯಲು ಇಡುವ ಸೋರೆಬುರುಡೆಯ ಒಳಮೈಗೆ ಗೊತ್ತಾದ ಒಂದು ಗಿಡದ—ನಮ್ಮ ತಂಗಡಿಯ ಸಂಬಂಧಿಯ—ಇದ್ದಿಲನ್ನು ತಿಕ್ಕುತ್ತಾರೆ. ಸಿಕ್ಕಿದ ಗಿಡವೆಲ್ಲ ಅವರಿಗೆ ಆಗದು. ಎಲ್ಲಿ ಬಿಸಿಲು ಸಾಲದೋ, ಉಪ್ಪು ದುಬಾರಿಯೋ, ಮಳೆ ತಿಂಗಳುಗಟ್ಟಲೆ ಬಿಡದೋ ಅಲ್ಲೆಲ್ಲ ಮನುಷ್ಯನು ಹೊಗೆಯನ್ನು ಆಶ್ರಯಿಸಿದ್ದಾನೆ. ಹೊಗೆ ರುಚಿಗಾಗಿ ಬಂದದ್ದಲ್ಲ, ಉಳಿವಿಗಾಗಿ ಬಂದದ್ದು. ರುಚಿ ಆಮೇಲೆ ಅಂಟಿಕೊಂಡಿತು.

ಹೊಗೆಯಲ್ಲಿ ಏನಿದೆ? ಮರದ ಮೈಯಲ್ಲಿ ಮುಖ್ಯವಾಗಿ ಮೂರು ದ್ರವ್ಯಗಳು: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್. ಬೆಂಕಿ ತಾಗಿದಾಗ ಇವು ಒಂದೇ ಸಲ ಒಡೆಯುವುದಿಲ್ಲ. ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹೆಮಿಸೆಲ್ಯುಲೋಸ್ ಮೊದಲು ಒಡೆದು ಹುಳಿಯಾದ ಆಮ್ಲಗಳನ್ನು ಕೊಡುತ್ತದೆ. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವೂ ಅವುಗಳಲ್ಲೊಂದು. ಆಹಾರದ ಮೇಲ್ಮೈಯಲ್ಲಿ ಸೂಕ್ಷ್ಮಾಣುಗಳು ಬೆಳೆಯದಂತೆ ತಡೆಯುವುದರಲ್ಲಿ ಇವುಗಳ ಪಾಲಿದೆ. ಸೆಲ್ಯುಲೋಸಿನಿಂದ ಬರುವ ದ್ರವ್ಯಗಳು ಮಾಂಸಕ್ಕೂ ಗಿಣ್ಣಿಗೂ ಹೊಂಬಣ್ಣ ತರುತ್ತವೆ. ಇನ್ನೂ ಹೆಚ್ಚು ಕಾವಿನಲ್ಲಿ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫೀನಾಲ್‌ಗಳು ಹೊರಬರುತ್ತವೆ. ನಾವು ‘ಹೊಗೆಯ ರುಚಿ’, ‘ಹೊಗೆಯ ವಾಸನೆ’ ಎನ್ನುವುದೆಲ್ಲ ಬಹುಪಾಲು ಇವುಗಳದೇ. ಕೊಬ್ಬು ಕಮಟದಂತೆ ಕಾಯುವ ಗುಣವೂ ಇವುಗಳದು. ಅಗಲ ಎಲೆಯ ಗಟ್ಟಿಮರಗಳ ಲಿಗ್ನಿನ್ ಈ ಎರಡನ್ನೂ ಕೊಡುತ್ತದೆ. ಪೈನ್ ಜಾತಿಯ ಸೂಜಿಯೆಲೆಯ ಮರಗಳಲ್ಲಿ ಸಿರಿಂಗಾಲ್ ತೀರ ಕಡಿಮೆ, ರಾಳ ಹೆಚ್ಚು. ರಾಳ ಸುಟ್ಟರೆ ಮಸಿ, ಕಹಿ. ಗಟ್ಟಿಮರವೇ ಒಳ್ಳೆಯದೆಂಬ ಲೋಕರೂಢಿಗೆ ಕಾರಣ ಇದು.

ಪ್ರಪಂಚವನ್ನೆಲ್ಲ ಸುತ್ತಿ ನೋಡಿದರೆ ‘ತಕ್ಕ ಕಟ್ಟಿಗೆ’ಯ ಪಟ್ಟಿ ಒಂದೊಂದು ಊರಿನಲ್ಲಿ ಒಂದೊಂದು. ಅಮೆರಿಕದ ದಕ್ಷಿಣ ಭಾಗದವರಿಗೆ ಹಿಕರಿ ಮರವೇ ಆಗಬೇಕು. ಅದು ನಮ್ಮ ಅಕ್ರೋಟಿನ ಕುಲದ್ದು. ಪೆಸಿಫಿಕ್ ಕರಾವಳಿಯವರು ಸಾಲ್ಮನ್ ಮೀನಿಗೆ ಆಲ್ಡರ್ ಎನ್ನುತ್ತಾರೆ. ಜರ್ಮನಿಯಲ್ಲಿ ಬೀಚ್, ಜಪಾನಿನ ಕಟ್ಸುಒಬುಶಿ ಎಂಬ ಒಣಮೀನಿಗೆ ಓಕ್ ಜಾತಿಯ ಕಟ್ಟಿಗೆ. ಇನ್ನು ನಿಯಮವನ್ನು ಮೀರಿಯೂ ಹೆಸರು ಪಡೆದವರಿದ್ದಾರೆ. ಜರ್ಮನಿಯ ಕಪ್ಪು ಅರಣ್ಯ ಪ್ರದೇಶದ ಪ್ರಸಿದ್ಧ ಹಂದಿತೊಡೆಗೆ ಫರ್ ಮತ್ತು ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳದೇ ಹೊಗೆ. ಚೀನದ ಫುಜಿಯನ್ ಪ್ರಾಂತದ ವೂಯಿ ಬೆಟ್ಟಗಳಲ್ಲಿ ಲ್ಯಾಪ್‌ಸಾಂಗ್ ಸೂಚಾಂಗ್ ಚಹವನ್ನು ಒಣಗಿಸುವುದು ಪೈನ್ ಕಟ್ಟಿಗೆಯ ಹೊಗೆಯಲ್ಲಿ. ಅಂದಮೇಲೆ ‘ಇದೇ ಸರಿಯಾದ ಕಟ್ಟಿಗೆ’ ಎಂದು ಗುಡುಗುವ ಪರಿಣತರನ್ನು ನಾವು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಅವರವರ ಊರಿನ ಸುತ್ತ ಯಾವ ಮರ ಬೆಳೆಯಿತೋ ಅದು ಅವರ ಒಲೆಗೆ ಬಂತು. ಒಲೆಗೆ ಬಂದದ್ದು ನಾಲಗೆಗೆ ರೂಢಿಯಾಯಿತು. ನಾಲಗೆಗೆ ರೂಢಿಯಾದದ್ದು ಶಾಸ್ತ್ರವಾಯಿತು.

ಹಾಗಾದರೆ ಸರಿ-ತಪ್ಪು ಎಂಬುದೇ ಇಲ್ಲವೇ? ಎಲ್ಲವೂ ಅವರವರ ರೂಢಿಯೇ? ಪರಸ್ಥಳಕ್ಕೆ ಬಂದು ನಾಲ್ಕು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಈ ಪ್ರಶ್ನೆ ಕಟ್ಟಿಗೆಗೆ ಮಾತ್ರ ಸೇರಿದ್ದಲ್ಲ. ನೆರೆಮನೆಯ ಊಟ, ನೆರೆಮನೆಯ ಹಬ್ಬ, ನೆರೆಮನೆಯ ಮದುವೆಯ ರೀತಿ—ಎಲ್ಲವನ್ನೂ ಕಂಡ ಮೇಲೆ ನಮ್ಮ ಮಕ್ಕಳು ಕೇಳುತ್ತಾರೆ: ‘ನಮ್ಮದೇ ಸರಿ ಎನ್ನುವುದಕ್ಕೆ ಆಧಾರವೇನು?’ ಇದಕ್ಕೆ ಕಟ್ಟಿಗೆಯೇ ಒಂದು ಉತ್ತರ ಕೊಡುತ್ತದೆಂದು ನನಗೆ ತೋರುತ್ತದೆ.

ನಮ್ಮ ಶಾಸ್ತ್ರಕಾರರು ವಿಧಿ ಬೇರೆ, ನಿಷೇಧ ಬೇರೆ ಎಂದು ವಿಂಗಡಿಸಿದರು. ಹೊಗೆಯ ವಿಷಯದಲ್ಲಿ ವಿಧಿ ಊರೂರಿಗೆ ಬದಲಾಗುತ್ತದೆ, ಬದಲಾಗಲಿ. ನಿಷೇಧ ಮಾತ್ರ ಎಲ್ಲೆಡೆ ಒಂದೇ. ಬಣ್ಣ ಬಳಿದ ಹಲಗೆ, ಅಂಟು ಹಾಕಿ ಒತ್ತಿದ ಪ್ಲೈವುಡ್, ಗೆದ್ದಲು ಹತ್ತದಂತೆ ಔಷಧ ಕುಡಿಸಿದ ತೊಲೆ, ಬೂಷ್ಟು ಹಿಡಿದ ಕೊರಡು—ಇವನ್ನು ಯಾವ ದೇಶದವರೂ ಆಹಾರದ ಕೆಳಗೆ ಉರಿಸಬಾರದು. ಕಣಗಿಲೆಯ ಗಿಡ ಬೇರಿನಿಂದ ಹೂವಿನವರೆಗೆ ವಿಷ. ಅದರ ಕಡ್ಡಿ ಒಲೆಗೆ ಸಲ್ಲದು. ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳಿಸುವ ಹೊಳೆಗೇರಿನಂಥ ಮರಗಳನ್ನು ಕಾಡಿನ ಜನ ದೂರವಿಡುತ್ತಾರೆ. ಗೇರುಬೀಜದ ಸಿಪ್ಪೆಯಲ್ಲಿ ಅದೇ ಬಗೆಯ ಸುಡುವ ಎಣ್ಣೆಯಿದೆ. ಇಲ್ಲಿ ‘ನಮ್ಮ ಕಡೆ ಹೀಗೆ’ ಎಂಬ ಸಮಾಧಾನಕ್ಕೆ ಎಡೆಯಿಲ್ಲ. ವಿಷವು ಯಾರ ಪ್ರಾಂತವನ್ನೂ ಕೇಳುವುದಿಲ್ಲ. ಬಾಳಿನಲ್ಲಿಯೂ ಹೀಗೆಯೇ ಅಲ್ಲವೇ? ಹೇಗೆ ಬಾಳಬೇಕೆಂಬುದಕ್ಕೆ ನೂರು ದಾರಿಗಳಿರಬಹುದು. ಇನ್ನೊಬ್ಬರಿಗೆ ವಿಷವಿಕ್ಕಬಾರದೆಂಬುದಕ್ಕೆ ಎರಡನೆಯ ದಾರಿಯಿಲ್ಲ. ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಈ ನಿಷೇಧಗಳ ಚಿಕ್ಕ ಪಟ್ಟಿಯನ್ನು. ವಿಧಿಗಳ ದೊಡ್ಡ ಪಟ್ಟಿಯನ್ನು ಪ್ರೀತಿಯಿಂದ ತೋರಿಸಿದರೆ ಸಾಕು.

ನಮ್ಮಲ್ಲಿ ಉರಿಯುವ ಕಟ್ಟಿಗೆಯನ್ನು ಅತ್ಯಂತ ಎಚ್ಚರದಿಂದ ಆರಿಸುತ್ತಿದ್ದುದು ಅಡಿಗೆಗಲ್ಲ, ಹೋಮಕ್ಕೆ. ನವಗ್ರಹ ಹೋಮದಲ್ಲಿ ಸೂರ್ಯನಿಗೆ ಎಕ್ಕ, ಚಂದ್ರನಿಗೆ ಮುತ್ತುಗ, ಮಂಗಳನಿಗೆ ಕಗ್ಗಲಿ, ಬುಧನಿಗೆ ಉತ್ತರಾಣಿ, ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ, ಶನಿಗೆ ಬನ್ನಿ, ರಾಹು ಕೇತುಗಳಿಗೆ ಗರಿಕೆ ಮತ್ತು ದರ್ಭೆ. ಗ್ರಹಗಳ ಫಲವನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ನನಗೆ ಮುಖ್ಯವೆನಿಸುವುದು ಅದರ ಹಿಂದಿನ ಎರಡು ಎಚ್ಚರಗಳು. ಯಾವ ಉದ್ದೇಶಕ್ಕೆ ಯಾವ ಕಟ್ಟಿಗೆ ಎಂದು ಕೇಳಿಕೊಳ್ಳುವುದು ಒಂದು. ಇನ್ನೊಂದು, ಅದರ ಅಳತೆ: ಸಮಿತ್ತು ಎಂದರೆ ಗೇಣುದ್ದದ ಕಡ್ಡಿ, ಮರವಲ್ಲ. ದೇವರಿಗೆ ಕೊಡುವಾಗಲೂ ಹಿರಿಯರು ಮರದಿಂದ ಕೇಳಿದ್ದು ಒಂದು ಗೇಣು.

ಚರಕನು ಸಂಸ್ಕಾರವೆಂದರೆ ವಸ್ತುವಿನಲ್ಲಿ ಮೊದಲಿಲ್ಲದ ಬೇರೊಂದು ಗುಣವನ್ನು ನೆಲೆಗೊಳಿಸುವುದೆಂಬ ಅರ್ಥದಲ್ಲಿ ಆಹಾರದ ಬಗ್ಗೆ ಮಾತಾಡಿದ್ದಾನೆ. ಹೊಗೆ ಕೊಡುವುದೂ ಒಂದು ಸಂಸ್ಕಾರವೇ. ಮರವು ತಾನು ಇಲ್ಲವಾಗಿ ತನ್ನ ಗುಣವನ್ನು ಇನ್ನೊಂದಕ್ಕೆ ಬಿಟ್ಟುಹೋಗುತ್ತದೆ. ಆದರೆ ಇಲ್ಲಿ ಅವಸರ ಸಲ್ಲದು. ಆಗತಾನೆ ಕಡಿದ ಹಸಿಮರದಲ್ಲಿ ನೀರು ಹೆಚ್ಚು. ಅದು ಬೇಯುತ್ತ ದಟ್ಟವಾದ ಬಿಳಿ ಹೊಗೆ ಕಾರುತ್ತದೆ, ಆಹಾರದ ಮೇಲೆ ಕಹಿಯಾದ ಮಸಿ ಕೂರಿಸುತ್ತದೆ. ಕಡಿದು, ಸೀಳಿ, ಗಾಳಿಯಾಡುವಲ್ಲಿ ಆರು ತಿಂಗಳಿಂದ ಒಂದು ವರ್ಷ ಇಟ್ಟ ಕಟ್ಟಿಗೆ ತೆಳುವಾದ ನೀಲಿ ಹೊಗೆ ಕೊಡುತ್ತದೆ. ಇನ್ನು ಉರಿ ಧಗಧಗಿಸಿದರೆ ಹೊಗೆಯ ಪರಿಮಳದ್ರವ್ಯಗಳೇ ಸುಟ್ಟುಹೋಗುತ್ತವೆ; ಕಾವು ಏರಿದಂತೆ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಂತೆ, ಬೆಂಜೊಪೈರೀನ್‌ನಂಥ ಅರ್ಬುದಕಾರಕ ದ್ರವ್ಯಗಳು ಹುಟ್ಟುತ್ತವೆ. ಯುರೋಪಿನ ಒಕ್ಕೂಟವು ಹೊಗೆಯಾಡಿಸಿದ ಮಾಂಸದಲ್ಲಿ ಈ ದ್ರವ್ಯದ ಮಿತಿಯನ್ನು 2014ರ ಸೆಪ್ಟೆಂಬರಿನಿಂದ ಕಿಲೋಗ್ರಾಮಿಗೆ 5 ಮೈಕ್ರೋಗ್ರಾಮಿನಿಂದ 2ಕ್ಕೆ ಇಳಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಉಪ್ಪು, ಹೊಗೆ ಮೊದಲಾದವುಗಳಿಂದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿತು. ಇದರ ಅರ್ಥ ಹಬ್ಬಕ್ಕೊಮ್ಮೆ ತಿಂದವನು ಹಾಳಾದನೆಂದಲ್ಲ. ಆಪತ್ಕಾಲಕ್ಕೆಂದು ಹುಟ್ಟಿದ ಆಹಾರವನ್ನು ನಿತ್ಯದ ಊಟ ಮಾಡಿಕೊಂಡರೆ ಅದು ತನ್ನ ಬೆಲೆ ಕೇಳುತ್ತದೆ ಎಂದರ್ಥ.

ಈಗ ಕಟ್ಟಿಗೆಯೂ ಬೇಡ, ಒಲೆಯೂ ಬೇಡ, ಸೀಸೆಯಲ್ಲಿಯೇ ಹೊಗೆ ಸಿಗುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅರ್ನೆಸ್ಟ್ ರೈಟ್ ಎಂಬವನು 1895ರಲ್ಲಿಯೇ ದ್ರವರೂಪದ ಹೊಗೆಯನ್ನು ಮಾರಾಟಕ್ಕೆ ತಂದನು. ಇದನ್ನು ಸುಳ್ಳು ಎನ್ನೋಣವೇ? ಹಾಗೆ ಅನ್ನುವುದು ಸುಲಭ. ಆದರೆ ಅದು ನಿಜವಾದ ಮರದ ನಿಜವಾದ ಹೊಗೆಯನ್ನೇ ತಂಪು ಮಾಡಿ ನೀರಿಳಿಸಿ, ಡಾಂಬರನ್ನು ಬಹುಮಟ್ಟಿಗೆ ಬೇರ್ಪಡಿಸಿ ತೆಗೆದ ರಸ. ಸೀಸೆಯ ಮೇಲೆ ಇದ್ದುದನ್ನು ಇದ್ದಂತೆ ಬರೆದು ಮಾರುವವನು ಮೋಸಗಾರನಲ್ಲ. ಹೊಗೆಮನೆಯಲ್ಲಿ ವಾರಗಟ್ಟಲೆ ಇಟ್ಟದ್ದೆಂದು ಹೇಳಿ ಆ ರಸವನ್ನು ಸವರಿ ಮಾರುವವನು ಮೋಸಗಾರ. ಅವನಿಗಿಂತ ದೊಡ್ಡ ಮೋಸಗಾರನೆಂದರೆ, ಅಪ್ಪಟ ಕಟ್ಟಿಗೆಯ ಅಪ್ಪಟ ಹೊಗೆಯಿಂದ ಹಳಸಿದ ಮೀನಿನ ನಾತವನ್ನು ಮುಚ್ಚುವವನು. ಸುಳ್ಳು ಇರುವುದು ಹೊಗೆಯಲ್ಲಲ್ಲ, ಅದರ ಮರೆಯಲ್ಲಿ ನಿಂತು ಆಡುವ ಮಾತಿನಲ್ಲಿ. ಹಾಗೆಂದು ಸೀಸೆಯ ಹೊಗೆ ನಿರಪಾಯವೆಂದೂ ತಿಳಿಯಬಾರದು. ಎಂಟು ಬಗೆಯ ಹೊಗೆಸತ್ತ್ವಗಳು ದೇಹಕಣಗಳ ವಂಶದ್ರವ್ಯಕ್ಕೆ ಹಾನಿ ಮಾಡಲಾರವೆಂದು ಹೇಳುವಂತಿಲ್ಲ ಎಂಬ ತಜ್ಞರ ಅಭಿಪ್ರಾಯ 2023ರಲ್ಲಿ ಬಂದ ಮೇಲೆ, 2024ರಲ್ಲಿ ಯುರೋಪಿನ ಒಕ್ಕೂಟವು ಅವುಗಳ ಪರವಾನಗಿಯನ್ನು ಮುಂದುವರಿಸದಿರಲು ತೀರ್ಮಾನಿಸಿತು.

ಇಲ್ಲಿಯವರೆಗೆ ತಿನ್ನುವವನ ನಾಲಗೆ, ತಿನ್ನುವವನ ದೇಹ—ಇಷ್ಟನ್ನೇ ಮಾತಾಡಿದೆವು. ಹೊಗೆಯ ನಿಜವಾದ ನೈತಿಕ ಪ್ರಶ್ನೆ ಇರುವುದು ಬೇರೆ ಕಡೆ. ಹೊಗೆಯ ರುಚಿ ಒಬ್ಬರ ಬಾಯಿಗೆ, ಹೊಗೆ ಇನ್ನೊಬ್ಬರ ಕಣ್ಣಿಗೆ—ಈ ಹಂಚಿಕೆಯನ್ನು ಮಾಡಿದವರು ಯಾರು?

ನಮ್ಮ ಸಂಘಗಳ ಆಹಾರ ಮೇಳಗಳಲ್ಲಿ, ಮದುವೆಮನೆಗಳ ಪಂಕ್ತಿಯಲ್ಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಏನೇ ಹೇಳಿ, ಊರಿನ ಸೌದೆ ಒಲೆಯ ರುಚಿ ಈ ಗ್ಯಾಸಿನಲ್ಲಿ ಬರುವುದಿಲ್ಲ.’ ಮಾತು ಸುಳ್ಳಲ್ಲ. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಉಂಡವರಿಗೆ ಗ್ಯಾಸಿನ ಉರಿಯಲ್ಲಿ ಸುಟ್ಟದ್ದು ಸಪ್ಪೆಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ರುಚಿಯನ್ನು ನೆನೆಯುವವರು ಸಾಮಾನ್ಯವಾಗಿ ಜಗಲಿಯಲ್ಲಿ ಕುಳಿತು ಉಂಡವರು, ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವರಲ್ಲ. ಆ ಅಜ್ಜಿಯನ್ನೋ ಅತ್ತಿಗೆಯನ್ನೋ ಕೇಳಿದ್ದರೆ ಅವರು ರುಚಿಯ ಮಾತಾಡುತ್ತಿರಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು ‘ಈ ಸಲದ ಸೌದೆ ಬರೀ ಹಸಿ’ ಎನ್ನುತ್ತಿದ್ದರು. ಅಡಿಗೆಮನೆಯೊಳಗೆ ಕಟ್ಟಿಗೆ, ಬೆರಣಿ ಮೊದಲಾದವುಗಳನ್ನು ಉರಿಸಿದಾಗ ಏಳುವ ಹೊಗೆಯನ್ನು ಕ್ಯಾನ್ಸರ್ ತರುವ ಸಂಭವವಿರುವ ಪಟ್ಟಿಗೆ ಅದೇ ಸಂಶೋಧನಾ ವಿಭಾಗವು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೇರಿಸಿದೆ. ದಮ್ಮು, ಕೆಮ್ಮು, ಕಣ್ಣಿನ ಪೊರೆ—ಇವುಗಳಿಗೆ ಪಟ್ಟಿ ಬೇಕಾಗಿಲ್ಲ, ನಮ್ಮ ಮನೆಗಳ ನೆನಪೇ ಸಾಕು. ಮಾಂಸವನ್ನು ಒಲೆಯಿಂದ ನಾಲ್ಕಡಿ ಎತ್ತರದಲ್ಲಿ ತೂಗುಹಾಕಿ ಹದ ಹೊಗೆ ತಾಗುವಂತೆ ನೋಡಿಕೊಂಡ ನಾವು, ಒಲೆಗೆ ಒಂದಡಿ ದೂರದಲ್ಲಿ ಮೂವತ್ತು ನಲವತ್ತು ವರ್ಷ ಕೂತವರ ಹದವನ್ನು ಕೇಳಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಕಡಿಮೆ ಸೌದೆ ತಿನ್ನುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆಯನ್ನು ರೂಪಿಸಿದರು; 1980ರ ದಶಕದಲ್ಲಿ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳಿಗೆ ಹೋಯಿತು. 2016ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಉಜ್ಜ್ವಲಾ ಯೋಜನೆ ಬಂದು ಬಡವರ ಮನೆಗೂ ಅನಿಲದ ಸಿಲಿಂಡರು ಹೊಕ್ಕಿತು. ಹೊಗೆ ನಿಂತಾಗ ಅಟ್ಟದ ಬೀಜಕ್ಕೆ ಹುಳು ಬಂತು, ಹುಲ್ಲುಮಾಡಿಗೆ ಗೆದ್ದಲು ಹತ್ತಿತು ಎಂಬ ದೂರುಗಳೂ ಬಂದವು. ದೂರು ನಿಜವೇ, ಹೊಗೆ ಮನೆಗೆ ಒಂದು ಕಾವಲಾಗಿತ್ತು. ಆದರೆ ಆ ಕಾವಲಿಗೆ ಸಂಬಳ ಕೊಡುತ್ತಿದ್ದವಳು ಒಬ್ಬಳೇ. ಬೀಜಕ್ಕೆ ಬೇರೆ ಡಬ್ಬಿ ಹುಡುಕಬಹುದು. ಅವಳಿಗೆ ಬೇರೆ ಎದೆಗೂಡು ಸಿಗುವುದಿಲ್ಲ. ಸೌದೆ ಒಲೆಯ ರುಚಿಯನ್ನು ಕೊಂಡಾಡುವ ಮುನ್ನ, ನಾಳೆ ಆ ಒಲೆಯ ಮುಂದೆ ನಾನೇ ಕೂರುತ್ತೇನೆಯೇ ಎಂದು ಪ್ರತಿಯೊಬ್ಬನೂ ಕೇಳಿಕೊಳ್ಳುವುದು ನ್ಯಾಯ. ಕೂರುವವನಿಗೆ ಆ ರುಚಿಯ ಹಕ್ಕಿದೆ.

ಇದು ಊರಿನ ಮಾತಷ್ಟೇ ಅಲ್ಲ. ಮುಂಬಯಿಯಲ್ಲಿ ನಾವು ಬೆಳಗಾಗೆದ್ದು ತಿನ್ನುವ ಪಾವ್ ಹುಟ್ಟುವ ಭಟ್ಟಿಗಳನ್ನೇ ನೋಡಿ. ಕಟ್ಟಿಗೆಯ ಭಟ್ಟಿಯ ಪಾವ್‌ಗೆ ಬೇರೆಯೇ ಪರಿಮಳವೆಂದು ಹೇಳುವವರು ಬಹಳ. ಆದರೆ ಅಗ್ಗವೆಂಬ ಕಾರಣಕ್ಕೆ ಎಷ್ಟೋ ಭಟ್ಟಿಗಳ ಹೊಟ್ಟೆಗೆ ಹೋಗುತ್ತಿದ್ದುದು ಮುರಿದ ಮೇಜು, ಹಳೆಯ ಬಾಗಿಲು, ಬಣ್ಣ ಬಳಿದ ಹಲಗೆ—ಅಂದರೆ ಮೇಲೆ ಹೇಳಿದ ನಿಷೇಧದ ಪಟ್ಟಿಯ ಕಟ್ಟಿಗೆಯೇ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನಗರದ ವಾಯುಮಾಲಿನ್ಯದ ಪ್ರಕರಣದಲ್ಲಿ, ಕಟ್ಟಿಗೆ ಮತ್ತು ಕಲ್ಲಿದ್ದಲು ಉರಿಸುವ ಬೇಕರಿಗಳು, ತಂದೂರಿನ ಖಾನಾವಳಿಗಳು ಆರು ತಿಂಗಳೊಳಗೆ ಅನಿಲ ಮೊದಲಾದ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಸೂಚಿಸಿತು. ಪಾಲಿಕೆ ನೋಟೀಸು ಕೊಟ್ಟಿತು. ಹಳೆಯ ಬೇಕರಿಗಳವರ ಸಂಕಟ ಸಣ್ಣದಲ್ಲ. ಭಟ್ಟಿ ಬದಲಾಯಿಸಲು ಹಣ ಬೇಕು, ತಲೆಮಾರುಗಳಿಂದ ಬಂದ ಹದ ಕೈಬಿಡುತ್ತದೆ. ಆದರೂ ಭಟ್ಟಿಯ ಚಿಮಣಿಯ ಪಕ್ಕದ ಚಾಳಿನ ಮೂರನೆಯ ಮಹಡಿಯಲ್ಲಿ ದಮ್ಮಿನ ಮಗುವನ್ನು ಮಲಗಿಸುವ ತಾಯಿಯೂ ಈ ಲೆಕ್ಕದಲ್ಲಿ ಬರಬೇಕು. ಪರಂಪರೆಯ ಹೆಸರಿನಲ್ಲಿ ಪರಿಮಳವನ್ನು ನಾವು ಉಳಿಸಿಕೊಂಡು ಹೊಗೆಯನ್ನು ನೆರೆಯವರಿಗೆ ಕಳಿಸುವುದು ಸಂಸ್ಕಾರವೆನಿಸದು.

ಲೆಕ್ಕಕ್ಕೆ ಬಾರದ ಇನ್ನೊಬ್ಬರಿದ್ದಾರೆ, ಅವರು ಮಾತಾಡುವುದಿಲ್ಲ. ಉತ್ತರ ಕನ್ನಡದ ಕಾಡುಗಳಲ್ಲಿ ಉಪ್ಪಾಗೆ ಎಂಬ ಹುಳಿಹಣ್ಣು ಬೆಳೆಯುತ್ತದೆ. ಕೊಡಗಿನ ಪ್ರಸಿದ್ಧ ಕಾಚಂಪುಳಿಯೂ ಅದೇ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕಪ್ಪಾಗಿಸಿದ್ದು. ಈ ಹಣ್ಣು ಮಾಗುವುದು ಸರಿಯಾಗಿ ಮಳೆಗಾಲದಲ್ಲಿ. ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಬೆಂಕಿಯೇ ಗತಿ. ಮನೆಬಳಕೆಗೆ ಬೇಕಾದ ಎರಡು ಬುಟ್ಟಿ ಸಿಪ್ಪೆ ಅಡಿಗೆಯ ಒಲೆಯ ಮೇಲೆಯೇ ಒಣಗುತ್ತಿದ್ದ ಕಾಲ ಒಂದಿತ್ತು. 1990ರ ದಶಕದಲ್ಲಿ ಈ ಸಿಪ್ಪೆಯ ಆಮ್ಲವು ಮೈಯ ಬೊಜ್ಜು ಇಳಿಸುತ್ತದೆಂಬ ಸುದ್ದಿ ಹೊರದೇಶಗಳಲ್ಲಿ ಹಬ್ಬಿ ಬೇಡಿಕೆ ಏರಿತು. ಕಾಡಿನಂಚಿನಲ್ಲಿ ಒಣಗಿಸುವ ಒಲೆಗಳು ಎದ್ದವು, ಹಣ್ಣಿಗಾಗಿ ಕೊಂಬೆ ಕಡಿದರು, ಹಣ್ಣನ್ನು ಒಣಗಿಸಲು ಮತ್ತಷ್ಟು ಮರ ಕಡಿದರು. 1998ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲ ಪ್ರಕಟವಾಯಿತು: ಈ ಔಷಧ ತಿಂದವರಿಗೂ ಬರಿಯ ಹುಸಿಗುಳಿಗೆ ತಿಂದವರಿಗೂ ತೂಕ ಇಳಿದದ್ದರಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಯಾರ ಸೊಂಟವೂ ಸಣ್ಣಗಾಗದಿದ್ದರೂ ಸಹ್ಯಾದ್ರಿಯ ಕಾಡು ಅಷ್ಟರಮಟ್ಟಿಗೆ ಸಣ್ಣಗಾಯಿತು. ಕಡಿಮೆ ಸೌದೆಯಲ್ಲಿ ಸಿಪ್ಪೆ ಒಣಗಿಸುವ ಸುಧಾರಿತ ಒಲೆಗಳು ಆಮೇಲೆ ಆ ಭಾಗಕ್ಕೆ ಬಂದದ್ದು ಸಂತೋಷದ ಸಂಗತಿ. ಇಲ್ಲಿ ‘ತಕ್ಕ ಕಟ್ಟಿಗೆ ಯಾವುದು’ ಎಂಬುದಕ್ಕಿಂತ ‘ಈ ಕೆಲಸಕ್ಕೆ ಇಷ್ಟು ಕಟ್ಟಿಗೆ ತಕ್ಕದ್ದೇ’ ಎಂಬುದೇ ಮೊದಲ ಪ್ರಶ್ನೆಯಾಗಬೇಕಿತ್ತು.

ಹಾಗೆ ನೋಡಿದರೆ ಧರ್ಮಕ್ಕೂ ರುಚಿಗೂ ಒಟ್ಟಿಗೆ ಒಪ್ಪುವ ಕಟ್ಟಿಗೆ ನಮ್ಮಲ್ಲಿ ಇಲ್ಲದೆ ಇಲ್ಲ. ಬಯಲುಸೀಮೆಯಲ್ಲಿ ಹೊಲ, ಕೆರೆಯಂಗಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯನ್ನು ಶಪಿಸದ ರೈತನಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡ ಯಾರದೆಂದುಕೊಂಡಿರಿ? ಟೆಕ್ಸಾಸಿನವರು ಮಾಂಸಕ್ಕೆ ಹೊಗೆ ಕೊಡಲು ಮೆಚ್ಚಿ ಹಣ ಕೊಟ್ಟು ಕೊಳ್ಳುವ ಮೆಸ್ಕೀಟ್ ಮರದ ಒಡಹುಟ್ಟು! ಅದನ್ನು ಕಡಿದರೆ ಕಣ್ಣೀರಿಡುವವರಿಲ್ಲ, ಕಡಿದಷ್ಟೂ ಚಿಗುರುತ್ತದೆ. ಕರಾವಳಿಯಲ್ಲಿ ತೆಂಗಿನ ಕರಟ, ಸಿಪ್ಪೆಗಳಿವೆ. ತೋಟಗಳಲ್ಲಿ ಪ್ರತಿವರ್ಷ ಸವರಿದ ಮಾವು, ಹಲಸು, ಪೇರಲೆಗಳ ಕೊಂಬೆಗಳಿವೆ. ಮರವನ್ನು ಕೊಲ್ಲದೆ ಸಿಕ್ಕಿದ್ದು, ನೆರಳಲ್ಲಿ ಒಣಗಿದ್ದು, ವಿಷವಿಲ್ಲದ್ದು, ಹತ್ತಿರದ್ದು—ಇಂಥದ್ದು ಸಿಕ್ಕಿದರೆ ಹಿಕರಿಯ ಚಕ್ಕೆಯನ್ನು ಸಮುದ್ರ ದಾಟಿಸಿ ತರಿಸುವ ಅಗತ್ಯ ಕಾಣುವುದಿಲ್ಲ.

ಫ್ಲ್ಯಾಟುಗಳಲ್ಲಿ ಬಾಳುವ ನಮಗೆ ಉಳಿದಿರುವುದು ಉತ್ತರದವರಿಂದ ಕಲಿತ ‘ಧುಂಗಾರ್’ ಒಂದೇ. ಬೇಳೆಯ ನಡುವೆ ಬಟ್ಟಲಿಟ್ಟು, ಕೆಂಡ ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು ಮುಚ್ಚಿದರೆ ಐದು ನಿಮಿಷದಲ್ಲಿ ಹೊಗೆಯ ವಾಸನೆ ಹಿಡಿಯುತ್ತದೆ. ಕರಟದ ಇದ್ದಿಲು ಇದಕ್ಕೆ ಒಳ್ಳೆಯದು. ಕಡ್ಡಿ ತಾಗಿಸಿದ ಕೂಡಲೆ ಹೊತ್ತಿಕೊಳ್ಳುವಂತೆ ಮದ್ದು ಬೆರೆಸಿದ ಇದ್ದಿಲು ಬೇಡ. ಕಿಟಕಿ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದು ಪ್ರಾಣಕ್ಕೇ ಅಪಾಯ, ಕಣ್ಣಿಗೆ ಕಾಣದ ವಿಷವಾಯು ಅದರಿಂದ ಬರುತ್ತದೆ. ಇಷ್ಟು ಎಚ್ಚರವಿದ್ದರೆ ವರ್ಷಕ್ಕೆ ನಾಲ್ಕಾರು ಸಲ ಊರಿನ ಅಡಿಗೆಮನೆ ನಮ್ಮ ಮನೆಗೆ ಬಂದುಹೋಗಲು ಅಡ್ಡಿಯಿಲ್ಲ.

ಕೊನೆಗೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಬೆಂಕಿಯನ್ನು ಹೊಗೆ ಮುಸುಕಿರುವಂತೆ ಎಲ್ಲ ಕೆಲಸಗಳನ್ನೂ ಯಾವುದೋ ಒಂದು ದೋಷ ಮುಸುಕಿರುತ್ತದೆ, ಹಾಗೆಂದು ತನ್ನ ಕರ್ಮವನ್ನು ಬಿಡಬಾರದೆಂಬ ಭಾವ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿದೆ. ಇದನ್ನು ಹಿಡಿದು ಕೆಲವರು, ‘ಯಾವ ಇಂಧನದಲ್ಲಿ ದೋಷವಿಲ್ಲ? ಗ್ಯಾಸೂ ನೆಲದೊಳಗಿನಿಂದ ಬಗೆದದ್ದೇ, ವಿದ್ಯುತ್ತಿಗೂ ಕಲ್ಲಿದ್ದಲು ಉರಿಯಲೇಬೇಕು; ಇಷ್ಟೆಲ್ಲ ವಿಚಾರ ಏಕೆ?’ ಎನ್ನಬಹುದು. ಅವರ ಮಾತಿನ ಮೊದಲ ಭಾಗ ನಿಜ. ನಿರ್ದೋಷವಾದ ಊಟ ಯಾರ ತಟ್ಟೆಯಲ್ಲೂ ಇಲ್ಲ. ಆದರೆ ಗೀತೆಯ ಆ ಮಾತು ದೋಷಕ್ಕೆ ಹೆದರಿ ಕೈಕಟ್ಟಿ ಕೂರುವವನಿಗೆ ಹೇಳಿದ ಧೈರ್ಯವೇ ಹೊರತು, ದೋಷವನ್ನು ಬೇಕಾದಷ್ಟು ಮಾಡು ಎಂಬ ಪರವಾನಗಿಯಲ್ಲ. ತಾರ್ಕಿಕರ ಪಾಠವನ್ನು ಅದರ ಪಕ್ಕದಲ್ಲಿಟ್ಟು ಓದಬೇಕು: ಬೆಂಕಿಯೆಲ್ಲಕ್ಕೂ ಒಂದೇ ಅಳತೆಯ ಹೊಗೆ ಬರುವುದಿಲ್ಲ, ಅದು ಸೌದೆಯನ್ನು ಅವಲಂಬಿಸಿದೆ. ಹೊಗೆ ಇರುವುದು ಲೋಕನಿಯಮವಾದರೂ ಎಷ್ಟು ಹೊಗೆ, ಯಾವ ಮರದ ಹೊಗೆ, ಯಾರ ಕಣ್ಣಿಗೆ ಹೊಗೆ ಎಂಬ ಮೂರೂ ನಮ್ಮ ಕೈಯಲ್ಲಿವೆ.

ಮನೆಯಲ್ಲಿ ಮಕ್ಕಳು ಹೊಗೆಯಾಡಿಸಿದ ತಿಂಡಿಯ ಪೊಟ್ಟಣವನ್ನು ತಂದಾಗ ಬೈಯಬೇಡಿ. ಅದರ ಮೇಲೆ ಬರೆದಿರುವುದನ್ನು ಜೊತೆಗೆ ಕೂತು ಓದಿ. ಇದು ಕಟ್ಟಿಗೆಯ ಹೊಗೆಯೋ ಸೀಸೆಯದೋ, ಯಾವ ಮರದ್ದು, ಎಲ್ಲಿಂದ ಬಂತು ಎಂದು ಕೇಳಿ. ಬಹಳ ಸಲ ಪೊಟ್ಟಣದಲ್ಲಿ ಉತ್ತರವಿರುವುದಿಲ್ಲ. ಆದರೆ ತಿನ್ನುವ ಮುಂಚೆ ಹೀಗೆ ಕೇಳುವುದು ಮಕ್ಕಳಿಗೆ ರೂಢಿಯಾದರೆ, ಮುಂದೆ ದೊಡ್ಡ ವಿಷಯಗಳಲ್ಲಿಯೂ ಅವರು ಕೇಳದೆ ಬಿಡಲಾರರು.